ಮುಸ್ಲಿಂ ರೋಗಿಗಳ ಆಸ್ಪತ್ರೆ ಆರೈಕೆ ಮತ್ತು ಅಂತ್ಯಕಾಲದ ಶುಶ್ರೂಷೆ: ದಾಖಲಾತಿಯಿಂದ ದಫನದವರೆಗೆ ಒಂದು ಸಮಗ್ರ ಮಾರ್ಗದರ್ಶಿ

ಮುಸ್ಲಿಂ ರೋಗಿಯೊಬ್ಬರು ಆಸ್ಪತ್ರೆಯಲ್ಲಿ ಬಯಸುವ ಅನುಕೂಲಗಳಲ್ಲಿ ಬಹುಪಾಲು ಖರ್ಚಿಲ್ಲದವು. ಶೌಚಾಲಯದಲ್ಲಿ ಒಂದು ಚೊಂಬು ನೀರು, ನಮಾಜಿನ ಹೊತ್ತಿಗೆ ಹತ್ತು ನಿಮಿಷ ಎಳೆದಿಟ್ಟ ಪರದೆ, ಮೈಮೇಲಿನ ಹೊದಿಕೆ ಸರಿಸುವ ಮುನ್ನ ಕೇಳಿದ ಒಂದು ಮಾತು, ಸಾವು ಸಂಭವಿಸಿದರೆ ತಡವಿಲ್ಲದೆ ಕೈಸೇರುವ ಪ್ರಮಾಣಪತ್ರ: ಇವಕ್ಕೆಲ್ಲ ಬೇಕಾಗುವುದು ಮುಂದಾಲೋಚನೆ. ಇವು ತಪ್ಪಿಹೋಗುವುದಕ್ಕೆ ಯಾರದೋ ದುರುದ್ದೇಶ ಕಾರಣವಾಗುವುದು ಅಪರೂಪ. ಸಕಾಲದಲ್ಲಿ ಯಾರೂ ಕೇಳಲಿಲ್ಲ ಎಂಬುದೇ ಸಾಮಾನ್ಯ ಕಾರಣ. ರೋಗಿ ಪ್ರಜ್ಞೆ ಕಳೆದುಕೊಂಡು, ಮನೆಯವರು ಅಳುತ್ತಾ ನಿಂತಿರುವಾಗ ಕೇಳಿದರೆ ಉತ್ತರಿಸುವ ಸ್ಥಿತಿಯಲ್ಲಿ ಯಾರೂ ಇರುವುದಿಲ್ಲ. ಆದ್ದರಿಂದ ವೈದ್ಯರು, ನರ್ಸ್‌ಗಳು, ವಾರ್ಡಿನ ಸಹಾಯಕರು ಮತ್ತು ಶವಾಗಾರದ ಸಿಬ್ಬಂದಿ ಯಾವ ಹಂತದಲ್ಲಿ ಏನನ್ನು ಕೇಳಬೇಕು, ಏನನ್ನು ಮಾಡಬೇಕು, ಯಾವುದನ್ನು ಮಾಡಬಾರದು ಎಂಬುದನ್ನು ಇಲ್ಲಿ ಹಂತ ಹಂತವಾಗಿ ವಿವರಿಸಲಾಗಿದೆ.

ಮೊದಲ ಹೆಜ್ಜೆ: ದಾಖಲಾಗುವ ದಿನವೇ ಕೇಳಿ, ಬರೆದಿಡಿ

ಕೇಸ್ ಶೀಟಿನ ಮೇಲಿರುವ ಹೆಸರು ರೋಗಿಯ ಆಚರಣೆಯ ಬಗ್ಗೆ ಏನನ್ನೂ ಹೇಳುವುದಿಲ್ಲ. ಮುಸ್ಲಿಮರಲ್ಲಿ ಸುನ್ನಿಗಳೂ ಶಿಯಾಗಳೂ ಇದ್ದಾರೆ; ಸುನ್ನಿಗಳಲ್ಲೇ ಹನಫಿ, ಶಾಫಿಈ, ಮಾಲಿಕಿ, ಹಂಬಲಿ ಎಂಬ ನಾಲ್ಕು ಪಂಥಗಳಿದ್ದು, ಸಣ್ಣ ವಿಧಿಗಳಲ್ಲಿ ಅವುಗಳ ನಡುವೆ ವ್ಯತ್ಯಾಸವಿದೆ. ದಿನಕ್ಕೆ ಐದು ಹೊತ್ತು ನಮಾಜ್ ಮಾಡುವವರಿರುವಂತೆಯೇ ಶುಕ್ರವಾರ ಮಾತ್ರ ಮಸೀದಿಗೆ ಹೋಗುವವರೂ, ಆಚರಣೆಯನ್ನೇ ಬಿಟ್ಟವರೂ, ಕಾಯಿಲೆ ಬಿದ್ದ ಮೇಲೆ ಮತ್ತೆ ಅದಕ್ಕೆ ಮರಳಿದವರೂ ಇದ್ದಾರೆ. ಹೀಗಾಗಿ ಧರ್ಮದ ಬಗ್ಗೆ ಓದಿಕೊಂಡ ಪಟ್ಟಿಯನ್ನು ರೋಗಿಯ ಮೇಲೆ ಹೇರುವುದೂ ಅವರ ಧರ್ಮವನ್ನು ಕಡೆಗಣಿಸಿದಷ್ಟೇ ತಪ್ಪು.

ಪ್ರಶ್ನೆಗಳು ಸರಳವಾಗಿರಲಿ. ‘ನೀವು ಇಲ್ಲಿರುವಷ್ಟು ದಿನ ನಮಾಜಿಗೆ, ಊಟಕ್ಕೆ, ಶುಚಿಗೆ ಸಂಬಂಧಿಸಿ ನಾವು ಗಮನಿಸಬೇಕಾದ್ದು ಏನಾದರೂ ಇದೆಯೇ? ಪರೀಕ್ಷೆ ಮಾಡುವವರು ಮಹಿಳೆಯೇ ಆಗಿರಬೇಕೇ? ಮುಖ್ಯ ವಿಷಯಗಳನ್ನು ಯಾರ ಜೊತೆ ಮಾತಾಡಬೇಕು? ನಿಮ್ಮ ಪರಿಸ್ಥಿತಿಯ ಬಗ್ಗೆ ಎಷ್ಟು ತಿಳಿಯಲು ಬಯಸುತ್ತೀರಿ?’ ಇಷ್ಟು ಸಾಕು. ಉತ್ತರವನ್ನು ಮುಂದಿನ ಪಾಳಿಯವರ ಕಣ್ಣಿಗೆ ಬೀಳುವಂತೆ ಬರೆದಿಡಬೇಕು, ಏಕೆಂದರೆ ಅದೇ ಪ್ರಶ್ನೆಯನ್ನು ಪ್ರತಿ ಪಾಳಿಯಲ್ಲೂ ಕೇಳಿಸಿಕೊಳ್ಳುವುದು ರೋಗಿಗೆ ದಣಿವು ತರುತ್ತದೆ. ಭಾಷೆ ಬಾರದಿದ್ದರೆ ದುಭಾಷಿಯನ್ನು ಕರೆಸಿ; ಮನೆಯ ಮಗುವನ್ನು ಆ ಕೆಲಸಕ್ಕೆ ಬಳಸಬೇಡಿ. ಹಸ್ತಲಾಘವಕ್ಕೆ ಅನ್ಯ ಲಿಂಗದವರು ತಾವಾಗಿ ಕೈ ಚಾಚಿದರೆ ಮಾತ್ರ ಕೈ ನೀಡಿ. ಇಲ್ಲವಾದರೆ ಎದೆಯ ಮೇಲೆ ಕೈಯಿಟ್ಟು ತಲೆಬಾಗಿದರೆ ಗೌರವ ಸಲ್ಲುತ್ತದೆ.

ಎರಡನೇ ಹೆಜ್ಜೆ: ಮೈಮರ್ಯಾದೆ

ಪುರುಷರಲ್ಲಿ ಹೊಕ್ಕುಳಿನಿಂದ ಮೊಣಕಾಲಿನವರೆಗಿನ ಭಾಗವನ್ನು, ಮಹಿಳೆಯರಲ್ಲಿ ಸಾಮಾನ್ಯವಾಗಿ ಮುಖ ಮತ್ತು ಅಂಗೈ ಬಿಟ್ಟು ಉಳಿದ ಮೈಯನ್ನು ಪರರೆದುರು ಮುಚ್ಚಿರಬೇಕೆಂಬುದು ಬಹುಪಾಲು ವಿದ್ವಾಂಸರ ಅಭಿಪ್ರಾಯ. ಆದ್ದರಿಂದ ಪರದೆಯೊಳಗೆ ಬರುವ ಮೊದಲು ದನಿ ಮಾಡಿ ಅನುಮತಿ ಪಡೆಯಿರಿ, ಪರೀಕ್ಷಿಸಬೇಕಾದ ಭಾಗವನ್ನಷ್ಟೇ ತೆರೆಯಿರಿ, ಮುಗಿದ ಕೂಡಲೇ ಮುಚ್ಚಿರಿ. ಹಿಂದೆ ತೆರೆದಿರುವ ಆಸ್ಪತ್ರೆಯ ಗೌನು ಅನೇಕ ಮಹಿಳೆಯರಿಗೆ ಕಾಯಿಲೆಗಿಂತ ದೊಡ್ಡ ಸಂಕಟ; ಎರಡನೇ ಗೌನನ್ನು ಹಿಂದುಮುಂದಾಗಿ ತೊಡಿಸಿದರೆ ಅಥವಾ ಮನೆಯಿಂದ ತಂದ ಉದ್ದ ತೋಳಿನ ಬಟ್ಟೆಗೆ ಅವಕಾಶ ಕೊಟ್ಟರೆ ಅದು ಬಗೆಹರಿಯುತ್ತದೆ. ಶಸ್ತ್ರಚಿಕಿತ್ಸಾ ಕೊಠಡಿಗೆ ಹೋಗುವಾಗ ತಲೆವಸ್ತ್ರದ ಬದಲು ಕೂದಲು, ಕತ್ತು ಮುಚ್ಚುವ ಶುದ್ಧೀಕರಿಸಿದ ಟೋಪಿ ಕೊಡಿ, ಎಚ್ಚರವಾಗುವ ಮೊದಲೇ ವಸ್ತ್ರವನ್ನು ಮತ್ತೆ ಹೊದಿಸಿ.

ಅದೇ ಲಿಂಗದ ಸಿಬ್ಬಂದಿ ಸಿಗದಿದ್ದಾಗ ಸುಳ್ಳು ಭರವಸೆ ಕೊಡದೆ ನೇರವಾಗಿ ಹೇಳಿ, ಜೊತೆಗೆ ಮಹಿಳಾ ನರ್ಸ್ ಅಥವಾ ಮನೆಯವರು ಇರುವಂತೆ ನೋಡಿಕೊಳ್ಳಿ. ಅನಿವಾರ್ಯ ಸಂದರ್ಭದಲ್ಲಿ ನಿಷೇಧ ಸಡಿಲವಾಗುತ್ತದೆ ಎಂಬುದು ಇಸ್ಲಾಮಿ ಧರ್ಮಶಾಸ್ತ್ರದ ಪ್ರಸಿದ್ಧ ಸೂತ್ರ. ಜೀವ ಉಳಿಸುವ ತುರ್ತಿನಲ್ಲಿ ಯಾರು ಮುಟ್ಟಿದರು ಎಂಬ ಪ್ರಶ್ನೆ ಏಳುವುದಿಲ್ಲ.

ಮೂರನೇ ಹೆಜ್ಜೆ: ಶುಚಿ, ವಜೂ ಮತ್ತು ನಮಾಜ್

ಮಲಮೂತ್ರ ವಿಸರ್ಜನೆಯ ನಂತರ ನೀರಿನಿಂದ ತೊಳೆದುಕೊಳ್ಳುವುದು ನಮಾಜಿನ ಶುದ್ಧಿಯ ಮೊದಲ ಭಾಗ. ಬೆಡ್‌ಪ್ಯಾನ್ ಕೊಟ್ಟಾಗ ಕಾಗದದ ಜೊತೆ ಒಂದು ಮಗ್ಗು ಉಗುರುಬೆಚ್ಚಗಿನ ನೀರನ್ನೂ ಕೊಡಿ. ಊಟಕ್ಕೆ ಬಲಗೈ, ತೊಳೆಯಲು ಎಡಗೈ ಬಳಸುವ ರೂಢಿ ಇರುವುದರಿಂದ ಡ್ರಿಪ್‌ನ ಸೂಜಿ ಯಾವ ಕೈಗೆ ಹಾಕಲಿ ಎಂದು ಮೊದಲೇ ಕೇಳುವುದು ಒಳ್ಳೆಯದು.

ಹೊಟ್ಟೆಯ ಶಸ್ತ್ರಚಿಕಿತ್ಸೆಯಾಗಿ ಎರಡನೇ ದಿನದಲ್ಲಿರುವ ರೋಗಿಯನ್ನು ಊಹಿಸಿಕೊಳ್ಳಿ. ಎದ್ದು ನಲ್ಲಿಯ ಬಳಿ ಹೋಗಲಾರರು. ನರ್ಸ್ ಮಂಚದ ತಲೆಭಾಗವನ್ನು ಸ್ವಲ್ಪ ಎತ್ತಿ, ಎದೆಯ ಮೇಲೆ ಟವೆಲ್ ಹಾಸಿ, ಪಕ್ಕದಲ್ಲಿ ಬೇಸನ್ ಇಟ್ಟು ಮಗ್ಗಿನಿಂದ ನೀರು ಸುರಿಯುತ್ತಾರೆ. ರೋಗಿ ಕೈ ತೊಳೆದು, ಬಾಯಿ ಮುಕ್ಕಳಿಸಿ, ಮೂಗು ಶುಚಿ ಮಾಡಿ, ಮುಖ ತೊಳೆದು, ಮೊಣಕೈವರೆಗೆ ತೋಳು ತೊಳೆಯುತ್ತಾರೆ; ಒದ್ದೆ ಕೈಯನ್ನು ತಲೆಯ ಮೇಲೆ ಸವರುತ್ತಾರೆ; ಕಾಲನ್ನು ಹರಡಿನವರೆಗೆ ತೊಳೆಯಲು ನರ್ಸ್ ನೆರವಾಗುತ್ತಾರೆ. ಇದೇ ವಜೂ. ಬ್ಯಾಂಡೇಜ್ ಅಥವಾ ಪ್ಲಾಸ್ಟರ್ ಇರುವಲ್ಲಿ ಅದನ್ನು ಬಿಚ್ಚುವ ಅಗತ್ಯವಿಲ್ಲ, ಒದ್ದೆ ಕೈಯಿಂದ ಮೇಲೆ ಸವರಿದರೆ ಸಾಕು. ಐದಾರು ನಿಮಿಷದ ಈ ಕೆಲಸ ರೋಗಿಯ ಮನಸ್ಸಿಗೆ ಕೊಡುವ ನೆಮ್ಮದಿಯನ್ನು ಯಾವ ಮಾತ್ರೆಯೂ ಕೊಡಲಾರದು ಎಂದು ನಾನು ಮನಸಾರೆ ನಂಬುತ್ತೇನೆ.

ನೀರು ಹಾನಿ ಮಾಡುವಂತಿದ್ದರೆ ತಯಮ್ಮುಮ್‌ಗೆ ಅವಕಾಶವಿದೆ: ಶುದ್ಧವಾದ ಮಣ್ಣು ಅಥವಾ ಕಲ್ಲನ್ನು ಅಂಗೈಯಿಂದ ಮುಟ್ಟಿ ಮುಖ ಮತ್ತು ಕೈಗಳನ್ನು ಸವರಿಕೊಳ್ಳುವುದು. ಇಲ್ಲಿ ಸೋಂಕು ನಿಯಂತ್ರಣದ ಎಚ್ಚರಿಕೆ ಬೇಕು. ರೋಗನಿರೋಧಕ ಶಕ್ತಿ ಕುಗ್ಗಿರುವ ರೋಗಿಯ ಬಳಿಗೆ ಹೊರಗಿನ ಮಣ್ಣನ್ನು ತಂದರೆ ಅದರಲ್ಲಿರುವ ಶಿಲೀಂಧ್ರದ ಬೀಜಾಣುಗಳು ಶ್ವಾಸಕೋಶಕ್ಕೆ ಅಪಾಯ ತರಬಹುದು. ತೊಳೆದು ಒಣಗಿಸಿದ ನಯವಾದ ಕಲ್ಲೊಂದನ್ನು ಆ ರೋಗಿಗಾಗಿಯೇ ಮೀಸಲಿಡಬಹುದು. ಹನಫಿ ಪಂಥದವರಿಗೆ ಧೂಳಿಲ್ಲದ ಕಲ್ಲೂ ಸಾಕಾಗುತ್ತದೆ, ಆದರೆ ಧೂಳು ಇರಲೇಬೇಕು ಎನ್ನುವವರೂ ಇರುವುದರಿಂದ ರೋಗಿಯನ್ನೇ ಕೇಳಿ ತೀರ್ಮಾನಿಸಬೇಕು.

ನಿಲ್ಲಲಾಗದವರು ಕುಳಿತು, ಕೂರಲಾಗದವರು ಮಲಗಿ, ತಲೆಯ ಸನ್ನೆಯಿಂದಲೇ ನಮಾಜ್ ಪೂರೈಸಬಹುದು. ಮಧ್ಯಾಹ್ನದ ಎರಡು ನಮಾಜುಗಳನ್ನು, ಹಾಗೆಯೇ ಸಂಜೆ ಮತ್ತು ರಾತ್ರಿಯವನ್ನು ಜೋಡಿಸಿ ಮಾಡಲು ಕೆಲವು ಪಂಥಗಳು ರೋಗಿಗೆ ಅನುಮತಿ ನೀಡುತ್ತವೆ. ಮೂತ್ರನಳಿಕೆಯಾಗಲಿ ಹೊಟ್ಟೆಯ ಮೇಲಿನ ಮಲಚೀಲವಾಗಲಿ ನಮಾಜಿಗೆ ಅಡ್ಡಿಯಲ್ಲ. ಇಂಥವರು ಪ್ರತಿ ನಮಾಜಿನ ಹೊತ್ತಿಗೆ ಹೊಸದಾಗಿ ವಜೂ ಮಾಡುತ್ತಾರಾದ್ದರಿಂದ ಚೀಲವನ್ನು ಅದಕ್ಕೆ ಸ್ವಲ್ಪ ಮೊದಲು ಖಾಲಿ ಮಾಡಿಕೊಟ್ಟರೆ ದೊಡ್ಡ ಉಪಕಾರವಾಗುತ್ತದೆ. ಮಕ್ಕಾದ ಕಾಬಾ ಇರುವ ದಿಕ್ಕನ್ನು, ಅಂದರೆ ಕಿಬ್ಲಾವನ್ನು, ವಾರ್ಡಿನ ಗೋಡೆಯ ಮೇಲೆ ಒಂದು ಬಾಣದ ಗುರುತಿನಿಂದ ತೋರಿಸಿಟ್ಟರೆ ಪ್ರತಿಯೊಬ್ಬರೂ ಕೇಳುವುದು ತಪ್ಪುತ್ತದೆ. ನಮಾಜಿನ ನಡುವೆ ಕರೆದರೆ ರೋಗಿ ಉತ್ತರಿಸುವುದಿಲ್ಲ. ಅದನ್ನು ಉದ್ಧಟತನವೆಂದೋ ಪ್ರಜ್ಞೆ ಮಸುಕಾಗಿದೆ ಎಂದೋ ಭಾವಿಸದೆ ಕೆಲವು ನಿಮಿಷ ಕಾಯಿರಿ.

ಕುರ್‌ಆನ್ ಗ್ರಂಥವನ್ನು ಬೆಡ್‌ಪ್ಯಾನ್ ಇಡುವ ಮೇಜಿನ ಮೇಲಾಗಲಿ ಕಾಲ ದೆಸೆಯಲ್ಲಾಗಲಿ ಇಡಬಾರದು. ತೋಳಿಗೋ ಕತ್ತಿಗೋ ಕಟ್ಟಿದ ತಾಯಿತವನ್ನು ಹೇಳದೆ ಕೇಳದೆ ಕತ್ತರಿಸಬೇಡಿ. ಎಂಆರ್‌ಐ ಪರೀಕ್ಷೆಗಾಗಿ ತೆಗೆಯಲೇಬೇಕಾದರೆ ಕಾರಣ ತಿಳಿಸಿ, ಮನೆಯವರ ಕೈಗೆ ಕೊಡಿ.

ನಾಲ್ಕನೇ ಹೆಜ್ಜೆ: ಊಟ ಮತ್ತು ಔಷಧ

ಹಂದಿಮಾಂಸ, ಮದ್ಯ, ರಕ್ತ ಮತ್ತು ವಿಧಿಪ್ರಕಾರ ಜಬಹ್ ಮಾಡದ (ಅಲ್ಲಾಹನ ಹೆಸರು ಹೇಳಿ ಕತ್ತು ಕೊಯ್ಯದ) ಪ್ರಾಣಿಯ ಮಾಂಸ ಹರಾಮ್, ಅಂದರೆ ನಿಷಿದ್ಧ. ಹಲಾಲ್ ಅಡುಗೆ ಸಿಗದಿದ್ದಾಗ ಸಸ್ಯಾಹಾರ ಕೊಡುವುದು ವಾಡಿಕೆ, ಆದರೆ ಅದರಲ್ಲಿಯೂ ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆಯುವ ಜೆಲಾಟಿನ್ ಸೇರಿದ ಸಿಹಿ ಅಥವಾ ಹಂದಿಮಾಂಸಕ್ಕೆ ಬಳಸಿದ ಸೌಟು ಇದ್ದರೆ ಸಮಸ್ಯೆಯೇ. ಕೊಳವೆಯ ಮೂಲಕ ಕೊಡುವ ಪೋಷಕಾಂಶದ ಡಬ್ಬಿಯ ಮೇಲಿನ ವಿವರವನ್ನೂ ಓದಬೇಕು. ವೈದ್ಯಕೀಯ ನಿರ್ಬಂಧ ಇಲ್ಲದಿದ್ದರೆ ಮನೆಯ ಊಟಕ್ಕೆ ಅವಕಾಶ ಕೊಡುವುದು ಎಲ್ಲಕ್ಕಿಂತ ಸುಲಭ ಮಾರ್ಗ. ಕಪ್ಪು ಜೀರಿಗೆ, ಜೇನು, ಝಮ್‌ಝಮ್ ನೀರು (ಮಕ್ಕಾದ ಪವಿತ್ರ ಬಾವಿಯ ನೀರು) ಇವುಗಳನ್ನು ಕೊಡುತ್ತಿದ್ದಾರೆಯೇ ಎಂದು ಬೈಯುವ ದನಿಯಲ್ಲದೆ ಕೇಳಿ ತಿಳಿದುಕೊಂಡರೆ ಮಧುಮೇಹಿಗಳ ಆರೈಕೆಗೆ ಅನುಕೂಲ.

ಔಷಧದ ವಿಷಯ ಇನ್ನೂ ಸೂಕ್ಷ್ಮ. ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಮತ್ತು ಎನಾಕ್ಸಪಾರಿನ್ ಸಾಮಾನ್ಯವಾಗಿ ಹಂದಿಯ ಕರುಳಿನ ಒಳಪದರದಿಂದ ತಯಾರಾಗುತ್ತವೆ; ಮೇದೋಜೀರಕ ಗ್ರಂಥಿಯ ಕಿಣ್ವದ ಕ್ಯಾಪ್ಸೂಲ್‌ಗಳೂ ಹಂದಿ ಮೂಲದವೇ; ಹೃದಯದ ಜೈವಿಕ ಕವಾಟಗಳಲ್ಲಿ ಕೆಲವು ಹಂದಿಯವು, ಕೆಲವು ದನದ ಅಂಗಾಂಶದವು. ಫಾಂಡಪಾರಿನಕ್ಸ್ ಪೂರ್ತಿ ಸಂಶ್ಲೇಷಿತ. ಬದಲಿ ಇದ್ದು, ಅದು ರೋಗಿಗೆ ವೈದ್ಯಕೀಯವಾಗಿ ಹೊಂದುವುದಾದರೆ ಅದನ್ನು ಕೊಡಿ. ಇಲ್ಲವಾದರೆ ಹಾಗೆಂದು ತಿಳಿಸಿ. ಬೇರೆ ದಾರಿಯಿಲ್ಲದೆ, ಮಿತಿಮೀರುವ ಇಚ್ಛೆಯಿಲ್ಲದೆ ನಿಷಿದ್ಧವಾದುದನ್ನು ಸೇವಿಸುವವರ ಮೇಲೆ ಪಾಪವಿಲ್ಲ ಎಂದು ಕುರ್‌ಆನಿನ ಎರಡನೇ ಅಧ್ಯಾಯದ 173ನೇ ವಚನ ಹೇಳುತ್ತದೆ, ಮತ್ತು ಹೆಚ್ಚಿನ ರೋಗಿಗಳು ಆ ಆಧಾರದಲ್ಲಿ ಒಪ್ಪುತ್ತಾರೆ. ರಾಸಾಯನಿಕವಾಗಿ ಪೂರ್ತಿ ರೂಪಾಂತರಗೊಂಡ ಜೆಲಾಟಿನ್ ಶುದ್ಧವೆಂದು 1995ರಲ್ಲಿ ಕುವೈತಿನಲ್ಲಿ ನಡೆದ ವೈದ್ಯರ ಮತ್ತು ಧರ್ಮಶಾಸ್ತ್ರಜ್ಞರ ಗೋಷ್ಠಿ ಅಭಿಪ್ರಾಯಪಟ್ಟಿತ್ತು. ಎಲ್ಲರೂ ಅದನ್ನು ಒಪ್ಪಿಲ್ಲ. ಮುಚ್ಚಿಟ್ಟು ಕೊಟ್ಟ ಔಷಧದ ಮೂಲ ಆಮೇಲೆ ತಿಳಿದರೆ ರೋಗಿ ಸದ್ದಿಲ್ಲದೆ ಎಲ್ಲ ಮಾತ್ರೆಗಳನ್ನೂ ಬಿಟ್ಟುಬಿಡುವ ಸಾಧ್ಯತೆ ಇದೆ. ಬಾಯಿಬಿಟ್ಟು ಹೇಳುವುದು ಅದಕ್ಕಾಗಿಯೂ ಮುಖ್ಯ.

ರಂಜಾನ್ ತಿಂಗಳಿನಲ್ಲಿ

ರೋಗಿಗಳಿಗೆ ಉಪವಾಸದಿಂದ ವಿನಾಯಿತಿ ಇದೆ. ಗುಣವಾದ ಮೇಲೆ ಆ ದಿನಗಳನ್ನು ಪೂರೈಸಬಹುದು, ಗುಣವಾಗದ ಕಾಯಿಲೆಯಾದರೆ ಬಡವರಿಗೆ ಊಟ ನೀಡುವ ಫಿದ್ಯಾ ಕೊಡಬಹುದು. ಆದರೂ ಅನೇಕರು ಉಪವಾಸವಿರಲು ಬಯಸುತ್ತಾರೆ. ಅಂಥವರೊಡನೆ ವಾದಕ್ಕಿಳಿಯುವ ಬದಲು ರಂಜಾನಿಗೆ ಆರರಿಂದ ಎಂಟು ವಾರ ಮೊದಲೇ ಮಾತಾಡಿ, ಸಾಧ್ಯವಿದ್ದರೆ ಔಷಧವನ್ನು ಸಹರಿ (ನಸುಕಿಗೆ ಮುನ್ನಿನ ಊಟ) ಮತ್ತು ಇಫ್ತಾರಿನ (ಸೂರ್ಯಾಸ್ತದಲ್ಲಿ ಉಪವಾಸ ಬಿಡುವ) ಹೊತ್ತಿಗೆ ಹೊಂದಿಸಿ. ಮಧುಮೇಹಿಗಳ ರಕ್ತದ ಸಕ್ಕರೆ ಡೆಸಿಲೀಟರಿಗೆ 70 ಮಿಲಿಗ್ರಾಂಗಿಂತ ಕೆಳಗಿಳಿದರೆ ಅಥವಾ 300 ದಾಟಿದರೆ ಉಪವಾಸವನ್ನು ಅಲ್ಲಿಗೇ ಮುರಿಯಬೇಕು. ಬೆರಳು ಚುಚ್ಚಿ ಸಕ್ಕರೆ ನೋಡುವುದರಿಂದ ಉಪವಾಸ ಮುರಿಯುವುದಿಲ್ಲ ಎಂಬುದನ್ನು ಒತ್ತಿ ಹೇಳಿ. ಕಣ್ಣಿನ ಹನಿ, ಎದೆನೋವಿಗೆ ನಾಲಿಗೆಯಡಿ ಇಡುವ ಮಾತ್ರೆ (ಕರಗಿದ್ದನ್ನು ನುಂಗದಿದ್ದರೆ), ಪೋಷಣೆಗಲ್ಲದ ಚುಚ್ಚುಮದ್ದು ಇವು ಉಪವಾಸ ಮುರಿಯುವುದಿಲ್ಲ ಎಂದು ಅಂತರರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ (ಧರ್ಮಶಾಸ್ತ್ರ) ಅಕಾಡೆಮಿ 1997ರಲ್ಲಿ ನಿರ್ಣಯಿಸಿದೆ. ಉಬ್ಬಸದ ಇನ್ಹೇಲರ್ ಬಗ್ಗೆ ಭಿನ್ನಾಭಿಪ್ರಾಯವಿದೆ.

ಐದನೇ ಹೆಜ್ಜೆ: ಸತ್ಯವನ್ನು ಹೇಳುವುದು

‘ಅಬ್ಬಾಗೆ ಹೇಳಬೇಡಿ ಡಾಕ್ಟರೇ, ಕೇಳಿದರೆ ಕುಸಿದುಹೋಗುತ್ತಾರೆ’ ಎಂದು ಮಗ ಕೈಮುಗಿದು ಕೇಳಿಕೊಳ್ಳುವುದು ಯಾವ ಸಮುದಾಯದಲ್ಲೂ ಅಪರೂಪವಲ್ಲ. ಆ ಪ್ರೀತಿಯನ್ನು ಗೌರವಿಸಬೇಕು. ಆದರೂ ಮುಸ್ಲಿಂ ರೋಗಿಯೊಬ್ಬರು ತಮ್ಮ ಕಾಲ ಹತ್ತಿರವಾಗಿದೆ ಎಂದು ತಿಳಿಯದೆ ಹೋದರೆ ಆಗುವ ನಷ್ಟ ಎಷ್ಟೆಂಬುದನ್ನು ಮನೆಯವರಿಗೆ ಸಮಾಧಾನದಿಂದ ವಿವರಿಸಬೇಕಾಗುತ್ತದೆ. ಸಾಯುವ ಮೊದಲು ಸಾಲ ತೀರಿಸುವುದು ಅಥವಾ ಅದರ ಹೊಣೆಯನ್ನು ಯಾರಿಗಾದರೂ ವಹಿಸುವುದು, ಹೆಂಡತಿಗೆ ಕೊಡದೆ ಉಳಿದ ಮೆಹರ್ (ಮದುವೆಯಲ್ಲಿ ಗಂಡ ಒಪ್ಪಿಕೊಂಡ ವಧುಧನ) ಸಲ್ಲಿಸುವುದು, ಆಸ್ತಿಯ ಮೂರನೇ ಒಂದು ಭಾಗದ ಮಿತಿಯೊಳಗೆ ವಸಿಯ್ಯತ್ (ಉಯಿಲು) ಬರೆಯುವುದು, ಬಿಟ್ಟುಹೋದ ಉಪವಾಸಗಳಿಗೆ ಫಿದ್ಯಾ ಏರ್ಪಡಿಸುವುದು, ಮನಸ್ಸು ನೋಯಿಸಿದವರಲ್ಲಿ ಕ್ಷಮೆ ಕೇಳಿ ಮಾಫಿ ಪಡೆಯುವುದು: ಇವೆಲ್ಲ ಪ್ರಜ್ಞೆ ಇರುವಾಗ ಮಾತ್ರ ಸಾಧ್ಯ. ಸತ್ಯವನ್ನು ಮುಚ್ಚಿಟ್ಟರೆ ಈ ಅವಕಾಶವನ್ನೇ ಅವರಿಂದ ಕಸಿದುಕೊಂಡಂತಾಗುತ್ತದೆ. ಅಂತ್ಯಕಾಲದ ಆರೈಕೆಯಲ್ಲಿ ನಡೆಯುವ ಅತಿ ದೊಡ್ಡ ಅನ್ಯಾಯ ಇದೇ ಎಂಬುದು ನನ್ನ ದೃಢ ಅಭಿಪ್ರಾಯ.

ಮೊದಲು ರೋಗಿಯನ್ನೇ ಒಂಟಿಯಾಗಿ ಕೇಳಿ: ಎಲ್ಲವನ್ನೂ ತಿಳಿಯಲು ಬಯಸುತ್ತೀರಾ, ಇಲ್ಲ ಮಗನ ಜೊತೆ ಮಾತಾಡಿದರೆ ಸಾಕೇ? ಎರಡನೆಯದನ್ನು ಆರಿಸಿಕೊಂಡರೆ ಅದೂ ಅವರ ಹಕ್ಕೇ. ಹೇಳುವಾಗ ‘ಇನ್ನು ಏನೂ ಮಾಡಲಾಗದು’ ಎನ್ನುವುದಕ್ಕಿಂತ ‘ಕಾಯಿಲೆ ನಮ್ಮ ಔಷಧವನ್ನು ಮೀರಿದೆ, ಆದರೆ ನೋವು ಬರದಂತೆ ಕೊನೆಯವರೆಗೂ ನೋಡಿಕೊಳ್ಳುತ್ತೇವೆ’ ಎನ್ನಿ. ಅದಕ್ಕೆ ‘ಇನ್‌ಷಾ ಅಲ್ಲಾಹ್’ (ಅಲ್ಲಾಹ್ ಬಯಸಿದರೆ) ಎಂಬ ಉತ್ತರ ಬಂದರೆ ವಿಷಯ ಅರ್ಥವಾಗಿಲ್ಲ ಎಂದು ತಿಳಿಯಬೇಡಿ. ಎಲ್ಲವನ್ನೂ ಅರಿತವರೂ ಆ ಮಾತನ್ನು ಹೇಳುತ್ತಾರೆ.

ರೋಗಿಯನ್ನು ಕಂಡು ಬರುವುದು ಧಾರ್ಮಿಕ ಕರ್ತವ್ಯವಾದ್ದರಿಂದ ಭೇಟಿಗೆ ಬರುವವರು ಹೆಚ್ಚು. ಬಾಗಿಲಲ್ಲಿ ಜಗಳವಾಡುವ ಬದಲು ಮನೆಯ ಒಬ್ಬರನ್ನು ಹೊಣೆಗಾರರನ್ನಾಗಿ ಮಾಡಿ, ಒಮ್ಮೆಗೆ ಇಬ್ಬರಂತೆ ಸರದಿಯಲ್ಲಿ ಕಳಿಸಲು ಹೇಳಿ.

ಆರನೇ ಹೆಜ್ಜೆ: ಚಿಕಿತ್ಸೆಯ ಮಿತಿಯ ಬಗ್ಗೆ ನಿರ್ಧಾರ

ಬೇಕೆಂದೇ ಪ್ರಾಣ ತೆಗೆಯುವ ದಯಾಮರಣ ಇಸ್ಲಾಮಿನಲ್ಲಿ ನಿಷಿದ್ಧ. ಪ್ರಯೋಜನವಿಲ್ಲದ ಚಿಕಿತ್ಸೆಯನ್ನು ಆರಂಭಿಸದಿರುವುದು ಅಥವಾ ನಿಲ್ಲಿಸುವುದು ಬೇರೆಯೇ ವಿಷಯ, ಮತ್ತು ಹಲವು ಧರ್ಮಶಾಸ್ತ್ರ ಸಂಸ್ಥೆಗಳು ಅದಕ್ಕೆ ಅವಕಾಶ ಕೊಟ್ಟಿವೆ. 1980ರ ದಶಕದ ಕೊನೆಯಲ್ಲಿ ಸೌದಿ ಅರೇಬಿಯಾದ ಫತ್ವಾ ಸಮಿತಿ, ಮೂವರು ತಜ್ಞ ವೈದ್ಯರು ಒಮ್ಮತದಿಂದ ನಿಷ್ಫಲವೆಂದು ಹೇಳಿದಾಗ ಹೃದಯ ಮತ್ತು ಉಸಿರಾಟದ ಪುನಶ್ಚೇತನ ಮಾಡದಿರಬಹುದು ಎಂದಿತು. ಮಿದುಳಿನ ಎಲ್ಲ ಕಾರ್ಯಗಳೂ ಮರಳಿ ಬಾರದಂತೆ ನಿಂತಿವೆ ಎಂದು ತಜ್ಞರು ನಿರ್ಧರಿಸಿದರೆ ಅದನ್ನು ಮರಣವೆಂದು ಪರಿಗಣಿಸಿ ಯಂತ್ರಗಳನ್ನು ತೆಗೆಯಬಹುದು ಎಂದು ಫಿಕ್ಹ್ ಅಕಾಡೆಮಿ 1986ರ ಅಮ್ಮಾನ್ ಅಧಿವೇಶನದಲ್ಲಿ ನಿರ್ಣಯಿಸಿತು. ಹೃದಯ ಬಡಿಯುತ್ತಿರುವವರೆಗೆ ಮರಣವಲ್ಲ ಎನ್ನುವ ವಿದ್ವಾಂಸರೂ ಇದ್ದಾರೆ. ಅಂಗಾಂಗ ಕಸಿಗೆ ಅದೇ ಅಕಾಡೆಮಿ 1988ರಲ್ಲಿ ಷರತ್ತುಬದ್ಧ ಅನುಮತಿ ನೀಡಿದೆ, ಅದಕ್ಕೂ ವಿರೋಧವಿದೆ. ವೈದ್ಯರು ಒಂದು ಫತ್ವಾವನ್ನು ಹಿಡಿದು ಕುಟುಂಬದೊಡನೆ ವಾದಿಸುವುದು ತರವಲ್ಲ. ಅವರು ನಂಬುವ ಮೌಲಾನಾ ಅಥವಾ ಇಮಾಮರನ್ನು ಮಾತುಕತೆಗೆ ಕರೆಸಿ, ವೈದ್ಯಕೀಯ ಸ್ಥಿತಿಯನ್ನು ಅವರಿಗೂ ಸ್ಪಷ್ಟವಾಗಿ ತಿಳಿಸಿ. ಆಯಾ ದೇಶದ ಕಾನೂನು ಏನು ಹೇಳುತ್ತದೆ ಎಂಬುದನ್ನೂ ಅಲ್ಲೇ ಸ್ಪಷ್ಟಪಡಿಸಿ. ನೀರು ಮತ್ತು ಆಹಾರವನ್ನು ನಿಲ್ಲಿಸುವುದು ಬಹುಪಾಲು ಕುಟುಂಬಗಳಿಗೆ ಒಪ್ಪಿತವಾಗದು. ದೇಹ ಅದನ್ನು ಸ್ವೀಕರಿಸಲಾರದ ಸ್ಥಿತಿಯನ್ನು ತಾಳ್ಮೆಯಿಂದ ವಿವರಿಸಬೇಕು.

ಮಾರ್ಫಿನ್ ಬೇಡವೆನ್ನುವ ರೋಗಿಗಳಿದ್ದಾರೆ. ಅಮಲಿನ ಪದಾರ್ಥವೆಂಬ ಅಂಜಿಕೆಯೊಂದು. ಕೊನೆಗಳಿಗೆಯಲ್ಲಿ ಕಲಿಮಾ (ಅಲ್ಲಾಹನ ಹೊರತು ದೇವರಿಲ್ಲ ಎಂಬ ವಿಶ್ವಾಸದ ವಚನ) ಹೇಳಲಾಗದೇ ಹೋದೀತು ಎಂಬ ಅಂಜಿಕೆ ಅದಕ್ಕಿಂತ ದೊಡ್ಡದು. ನೋವು ನಿವಾರಣೆಯ ಉದ್ದೇಶದಿಂದ ವೈದ್ಯರು ಕೊಡುವ ಔಷಧಕ್ಕೆ ಅಡ್ಡಿಯಿಲ್ಲ ಎಂಬುದೇ ವಿದ್ವಾಂಸರ ಸಾಮಾನ್ಯ ನಿಲುವು. ನೋವು ತಡೆಯುವಷ್ಟು, ಎಚ್ಚರ ಉಳಿಯುವಷ್ಟು ಪ್ರಮಾಣವನ್ನು ಹಂತ ಹಂತವಾಗಿ ಹುಡುಕಿಕೊಳ್ಳಿ, ನಮಾಜಿನ ಮತ್ತು ಮನೆಯವರು ಬರುವ ಹೊತ್ತನ್ನು ನೋಡಿ ಸಮಯ ಹೊಂದಿಸಿ.

ಏಳನೇ ಹೆಜ್ಜೆ: ಕೊನೆಯ ಗಂಟೆಗಳು

ಸಾವು ಹತ್ತಿರವಾಗಿದೆ ಎಂದು ಕಂಡ ಕೂಡಲೇ, ರಾತ್ರಿ ಎಷ್ಟು ಹೊತ್ತಾಗಿದ್ದರೂ, ಮನೆಯವರಿಗೆ ತಿಳಿಸಿ. ಸಾಧ್ಯವಾದರೆ ಪ್ರತ್ಯೇಕ ಕೋಣೆ ಕೊಡಿ. ರೋಗಿಯನ್ನು ಬಲ ಮಗ್ಗುಲಿಗೆ ತಿರುಗಿಸಿ ಮುಖ ಕಿಬ್ಲಾದ ಕಡೆ ಇರುವಂತೆ ಮಲಗಿಸುತ್ತಾರೆ; ಅದಾಗದಿದ್ದರೆ ಅಂಗಾತ ಮಲಗಿಸಿ, ಪಾದಗಳನ್ನು ಕಿಬ್ಲಾದತ್ತ ಮಾಡಿ, ತಲೆಯನ್ನು ಸ್ವಲ್ಪ ಎತ್ತರಿಸುತ್ತಾರೆ. ಶಿಯಾಗಳಲ್ಲಿ ರೂಢಿಯಲ್ಲಿರುವುದು ಈ ಎರಡನೆಯದೇ. ಮಂಚವನ್ನೇ ತಿರುಗಿಸಿದರೆ ಕೆಲಸ ಸುಲಭ. ಕೊಳವೆಗಳಿಂದಾಗಿ ಅಥವಾ ನೋವಿನಿಂದಾಗಿ ಯಾವುದೂ ಆಗದಿದ್ದರೆ ಇದ್ದ ಹಾಗೆಯೇ ಬಿಡಿ, ಅದರಿಂದ ದೋಷವಿಲ್ಲ.

ಹತ್ತಿರದವರೊಬ್ಬರು ಕಿವಿಯ ಬಳಿ ಮೆಲ್ಲಗೆ ‘ಲಾ ಇಲಾಹ ಇಲ್ಲಲ್ಲಾಹ್’ ಎನ್ನುತ್ತಾರೆ. ಒತ್ತಾಯಿಸುವುದಿಲ್ಲ, ರೋಗಿ ಒಮ್ಮೆ ಹೇಳಿದರೆ, ನಡುವೆ ಬೇರೆ ಮಾತಾಡದ ಹೊರತು, ಮತ್ತೆ ನೆನಪಿಸುವುದಿಲ್ಲ. ಯಾಸೀನ್ ಅಧ್ಯಾಯವನ್ನು ಓದುವುದು ಅನೇಕ ಕುಟುಂಬಗಳ ರೂಢಿ. ಇದಕ್ಕೆ ಧರ್ಮಗುರುವೇ ಬೇಕೆಂದಿಲ್ಲ. ಮನೆಯವರು ಯಾರೂ ತಲುಪದಿದ್ದರೆ ನರ್ಸ್ ಮೊಬೈಲಿನಲ್ಲಿ ಕುರ್‌ಆನ್ ಪಠಣವನ್ನು ಸಣ್ಣ ದನಿಯಲ್ಲಿ ಹಾಕಿ ಪಕ್ಕದಲ್ಲಿ ಕುಳಿತರೂ ಆಯಿತು. ಆ ವಿಷಯ ಆಮೇಲೆ ತಿಳಿದ ಮಕ್ಕಳು ಅದನ್ನು ಎಂದಿಗೂ ಮರೆಯುವುದಿಲ್ಲ. ಝಮ್‌ಝಮ್ ನೀರನ್ನು ಬಾಯಿಗೆ ಹಾಕಲು ಕೇಳಿದಾಗ, ನುಂಗಲಾರದ ರೋಗಿಯ ಶ್ವಾಸಕೋಶಕ್ಕೆ ನೀರು ಇಳಿಯುವ ಅಪಾಯವಿರುವುದರಿಂದ, ಸ್ಪಂಜನ್ನು ಅದರಲ್ಲಿ ಅದ್ದಿ ತುಟಿ ಒದ್ದೆ ಮಾಡಲು ಹೇಳಿಕೊಡಿ.

ಎಂಟನೇ ಹೆಜ್ಜೆ: ಸಾವಿನ ನಂತರ

ಮನೆಯವರಿದ್ದರೆ ಅವರನ್ನು ಕೇಳಿಯೇ ಮುಂದುವರಿಯಿರಿ. ಇಲ್ಲದಿದ್ದರೆ ಕೈಗವಸು ಧರಿಸಿ ಕಣ್ಣು ಮುಚ್ಚಿಸಿ, ಗದ್ದದಿಂದ ತಲೆಯ ಮೇಲಕ್ಕೆ ಬಟ್ಟೆಯ ಪಟ್ಟಿ ಕಟ್ಟಿ ಬಾಯಿ ಮುಚ್ಚಿಸಿ, ದೇಹ ಬಿಗಿಯುವ ಮೊದಲು ಕೈಕಾಲು ನೇರ ಮಾಡಿ, ತಲೆಯನ್ನು ಬಲ ಭುಜದ ಕಡೆಗೆ ತಿರುಗಿಸಿ, ಇಡೀ ದೇಹವನ್ನು ಬಿಳಿ ಬಟ್ಟೆಯಿಂದ ಹೊದಿಸಿ. ಮರಣೋತ್ತರ ಪರೀಕ್ಷೆ ಇಲ್ಲವೆಂದು ಖಚಿತವಾದ ಮೇಲೆ ಕೊಳವೆಗಳನ್ನು ತೆಗೆದು, ಸೋರುವ ಗಾಯಗಳಿಗೆ ಪಟ್ಟಿ ಹಾಕಿ. ಮೈ ತೊಳೆಯಬೇಡಿ, ಉಗುರು, ಕೂದಲು ಕತ್ತರಿಸಬೇಡಿ. ಮಯ್ಯತ್‌ಗೆ (ಮೃತದೇಹಕ್ಕೆ) ಸ್ನಾನ ಮಾಡಿಸುವ ಗುಸ್ಲ್ ವಿಧಿಯನ್ನು ಅದೇ ಲಿಂಗದ ಮುಸ್ಲಿಮರು ನೆರವೇರಿಸುತ್ತಾರೆ. ಬೆಸಸಂಖ್ಯೆಯ ಬಾರಿ ತೊಳೆದು, ಕೊನೆಯ ನೀರಿಗೆ ಕರ್ಪೂರ ಬೆರೆಸುತ್ತಾರೆ. ಬಳಿಕ ಹೊಲಿಗೆಯಿಲ್ಲದ ಕಫನ್ (ಶವಕ್ಕೆ ಸುತ್ತುವ) ಬಟ್ಟೆಯನ್ನು, ವಾಡಿಕೆಯಂತೆ ಪುರುಷರಿಗೆ ಮೂರು, ಮಹಿಳೆಯರಿಗೆ ಐದು, ತೊಡಿಸಿ ಜನಾಜಾ ನಮಾಜ್ (ಮೃತರಿಗಾಗಿ ಮಾಡುವ ಪ್ರಾರ್ಥನೆ) ಮುಗಿಸಿ ದಫನ ಮಾಡುತ್ತಾರೆ. ದಹನ ನಿಷಿದ್ಧ. ಕೋವಿಡ್ ಕಾಲದಲ್ಲಿ ಹೂಳುವುದಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ಅಭ್ಯಂತರವಿಲ್ಲದಿದ್ದರೂ ಶ್ರೀಲಂಕಾ 2020ರಿಂದ 2021ರ ಫೆಬ್ರವರಿಯವರೆಗೆ ಸುಡುವುದನ್ನೇ ಕಡ್ಡಾಯ ಮಾಡಿತ್ತು. ಆ ಕುಟುಂಬಗಳ ನೋವು ಸಾವಿನ ದುಃಖಕ್ಕಿಂತ ಆಳವಾದದ್ದು.

ದಫನ ಆದಷ್ಟು ಬೇಗ, ಸಾಮಾನ್ಯವಾಗಿ 24 ಗಂಟೆಯೊಳಗೆ, ಆಗಬೇಕೆಂಬುದು ಎಲ್ಲರ ಆಶಯ. ಆಸ್ಪತ್ರೆ ಹೆಚ್ಚಿನ ನೆರವು ನೀಡಬಹುದಾದ್ದು ಇಲ್ಲಿಯೇ. ಸಾವು ನಿರೀಕ್ಷಿತವಾಗಿದ್ದರೆ ಪ್ರಮಾಣಪತ್ರಕ್ಕೆ ಸಹಿ ಹಾಕಬೇಕಾದ ವೈದ್ಯರು ಯಾರು, ರಜಾದಿನದಲ್ಲಿ ಶವಾಗಾರದ ಬೀಗದ ಕೈ ಯಾರ ಬಳಿ ಇರುತ್ತದೆ, ಬಿಲ್ ವಿಭಾಗ ಎಷ್ಟು ಹೊತ್ತಿಗೆ ತೆರೆಯುತ್ತದೆ ಎಂಬುದನ್ನು ಮೊದಲೇ ವಿಚಾರಿಸಿಡಿ. ಮರಣೋತ್ತರ ಪರೀಕ್ಷೆ ಕಾನೂನಿನ ಪ್ರಕಾರ ಕಡ್ಡಾಯವಾದರೆ ಕಾರಣವನ್ನು ವಿವರಿಸಿ, ಬೆಳಗಿನ ಮೊದಲ ಸರದಿಗೆ ವಿನಂತಿಸಿ. ಸ್ಕ್ಯಾನ್ ಮೂಲಕ ಪರೀಕ್ಷಿಸುವ ವ್ಯವಸ್ಥೆ ಇದ್ದು, ಅಧಿಕಾರಿಗಳು ಒಪ್ಪಿದರೆ ಅದನ್ನು ಸೂಚಿಸಿ. ತೆಗೆದ ಅಂಗಾಂಶವೆಲ್ಲ ದೇಹದೊಂದಿಗೆ ಮರಳಬೇಕು. ಕತ್ತರಿಸಿ ತೆಗೆದ ಕೈಕಾಲನ್ನೂ ಹೂಳಲು ಕೇಳುವವರಿದ್ದಾರೆ. ನಾಲ್ಕು ತಿಂಗಳು ದಾಟಿದ ಗರ್ಭ ಬಿದ್ದುಹೋದರೆ ಆ ಶಿಶುವಿಗೆ ಹೆಸರಿಟ್ಟು, ಬಟ್ಟೆ ಸುತ್ತಿ ದಫನ ಮಾಡುವ ಕುಟುಂಬಗಳು ಬಹಳ, ಆದ್ದರಿಂದ ತಂದೆತಾಯಿಯನ್ನು ಕೇಳದೆ ಆಸ್ಪತ್ರೆಯ ತ್ಯಾಜ್ಯದೊಂದಿಗೆ ಎಂದಿಗೂ ಕಳಿಸಬೇಡಿ.

ಅಳುವುದಕ್ಕೆ ಧರ್ಮದ ಅಡ್ಡಿಯಿಲ್ಲ. ಪ್ರವಾದಿಯವರೂ ತಮ್ಮ ಎಳೆಯ ಮಗ ಇಬ್ರಾಹೀಮನ ಸಾವಿನಲ್ಲಿ ಕಣ್ಣೀರಿಟ್ಟಿದ್ದರು. ಆದರೆ ಎದೆ ಬಡಿದುಕೊಂಡು ರೋದಿಸುವುದನ್ನು ಅನೇಕ ವಿದ್ವಾಂಸರು ಒಪ್ಪುವುದಿಲ್ಲವಾದ್ದರಿಂದ ಕೆಲವರು ಮೌನವಾಗಿರುತ್ತಾರೆ; ಅವರಿಗೆ ದುಃಖವೇ ಆಗಿಲ್ಲ ಎಂದುಕೊಳ್ಳಬಾರದು. ಪತಿಯನ್ನು ಕಳೆದುಕೊಂಡ ಮಹಿಳೆ ನಾಲ್ಕು ತಿಂಗಳು ಹತ್ತು ದಿನಗಳ ಇದ್ದತ್ (ವಿಧವೆಯ ಶೋಕಾವಧಿ) ಪಾಲಿಸುತ್ತಾರೆ, ಗರ್ಭಿಣಿಯಾಗಿದ್ದರೆ ಹೆರಿಗೆಯವರೆಗೆ. ಆ ಅವಧಿಯಲ್ಲಿ ಅವರು ಅಗತ್ಯವಿಲ್ಲದೆ ಮನೆಯಿಂದ ಹೊರಬರುವುದಿಲ್ಲ. ಸಾಂತ್ವನದ ಸಮಾಲೋಚನೆಗೆ ಆಸ್ಪತ್ರೆಗೆ ಬನ್ನಿ ಎಂದು ಪತ್ರ ಕಳಿಸುವುದಕ್ಕಿಂತ, ಅವರ ಒಪ್ಪಿಗೆ ಪಡೆದು ಮಹಿಳಾ ನರ್ಸ್ ಒಬ್ಬರು ದೂರವಾಣಿಯಲ್ಲಿ ಮಾತಾಡುವುದು ಅಥವಾ ಮನೆಗೇ ಹೋಗಿ ಬರುವುದು ಸೂಕ್ತ. ಅವರ ಸ್ವಂತ ಔಷಧಗಳು, ರಕ್ತದೊತ್ತಡದ ತಪಾಸಣೆ ಈ ತಿಂಗಳುಗಳಲ್ಲಿ ತಪ್ಪಿಹೋಗದಂತೆಯೂ ಅದೇ ಕರೆಯಲ್ಲಿ ವಿಚಾರಿಸಿ. ಚಿಕಿತ್ಸೆಗಾಗಿ ಹೊರಗೆ ಹೋಗಲು ಇದ್ದತ್ ಅಡ್ಡಿಯಾಗುವುದಿಲ್ಲ.